ನಿಲ್ಲುವವರ ಚರಿತ್ರೆ

ನಮ್ಮ ದೇಶದಲ್ಲಿ ರಸ್ತೆಯ ಚರಿತ್ರೆಯನ್ನು ಯಾವಾಗಲೂ ಗಾಡಿ ಏರಿದವರೇ ಬರೆದಿದ್ದಾರೆ. ಯಾವ ರಾಜ ಸಾಲುಮರ ನೆಡಿಸಿದ, ಯಾವ ದೊರೆ ಸೇತುವೆ ಕಟ್ಟಿಸಿದ, ಯಾವ ಮಂತ್ರಿ ಹಸಿರು ಬಾವುಟ ಬೀಸಿದ ಎಂಬುದನ್ನೇ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದೆವು. ಆ ರಸ್ತೆಯ ಬದಿಯಲ್ಲಿ ಗಂಟುಮೂಟೆ ಇಟ್ಟುಕೊಂಡು ನಿಂತವರು ಏನಾದರು? ಅವರಿಗೆ ನೆರಳಿತ್ತೆ? ನೀರಿತ್ತೆ? ಕಡೆಗೆ ಗಾಡಿ ಬಂದಾಗ ಅವರು ಹತ್ತಿದರೆ? ಇದನ್ನು ಯಾವ ಪುಸ್ತಕವೂ ಹೇಳಲಿಲ್ಲ.

ನಾನು ಹರಿಹರ ತಾಲ್ಲೂಕಿನವನು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಓದಿದ್ದರಲ್ಲಿ ಅರ್ಧ ಬಸ್ಸಿನ ಕಂಬಿ ಹಿಡಿದು ನಿಂತೇ ಓದಿದ್ದು. ಹಾಗಾಗಿ ನಿಂತವರ ಕಡೆಯಿಂದ ಒಂದಿಷ್ಟು ಚರಿತ್ರೆ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ತ್ವರಿತ ಬಸ್ಸಿನ ವಿಷಯಕ್ಕೆ ಬರುವವನಿದ್ದೇನೆ. ಆದರೆ ಅಲ್ಲಿಗೆ ಹೋಗುವ ದಾರಿ ನಮ್ಮೂರ ಹೊಳೆಯ ಮೇಲೇ ಹಾದುಹೋಗುತ್ತದೆ.

1

ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು-ಇಟ್ಟಿಗೆಯ ದೊಡ್ಡ ಸೇತುವೆ ಕಟ್ಟಿ ಮುಗಿಸಿದ್ದು 1868ರಲ್ಲಿ. 14 ಕಮಾನು, ಹತ್ತಿರ ಹತ್ತಿರ 3 ಲಕ್ಷ ರೂಪಾಯಿ ಖರ್ಚು ಎಂದು ಬ್ರಿಟಿಷರ ಗೆಜೆಟಿಯರು ಲೆಕ್ಕ ಬರೆದಿಟ್ಟಿದೆ. ಬೆಂಗಳೂರಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಅದರ ಮೇಲೆ ಹಾಯ್ದಿತ್ತು. ಈಚೆ ದಂಡೆ ಮೈಸೂರು ಸಂಸ್ಥಾನ, ಆಚೆ ದಂಡೆ ಬೊಂಬಾಯಿ ಪ್ರಾಂತ್ಯ. ಕಮಾನಿನ ಅಳತೆ ಸಿಗುತ್ತದೆ, ಖರ್ಚಿನ ಲೆಕ್ಕ ಸಿಗುತ್ತದೆ. ಕಲ್ಲು ಹೊತ್ತವರ ಹೆಸರು ಸಿಗುವುದಿಲ್ಲ.

ಇದೇ ಊರಿನ ಹರಿಹರೇಶ್ವರ ಗುಡಿಯನ್ನು 13ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅಲ್ಲಿ ಹರಿ ಮತ್ತು ಹರ ಒಂದೇ ಮೈಯಲ್ಲಿ ಅರ್ಧರ್ಧ ಹಂಚಿಕೊಂಡು ನಿಂತಿದ್ದಾರೆ. ದೇವರಿಬ್ಬರು ಒಂದು ಮೈ ಹಂಚಿಕೊಂಡ ಊರಲ್ಲಿ ಮನುಷ್ಯರಿಬ್ಬರು ಒಂದು ಗಾಡಿ ಹಂಚಿಕೊಳ್ಳಲು ಇನ್ನೂ ಏಳುನೂರು ವರ್ಷ ಬೇಕಾಯಿತು.

ಗಾಡಿ ಎಂದೆ. ಡಾ. ಅಂಬೇಡ್ಕರರು ಬಾಲ್ಯದ ಒಂದು ಪ್ರಯಾಣದ ಕತೆ ಬರೆದಿದ್ದಾರೆ. ಸುಮಾರು 1901ರ ಮಾತು. ಗೋರೆಗಾಂವದಲ್ಲಿ ಕೆಲಸಕ್ಕಿದ್ದ ತಂದೆಯನ್ನು ನೋಡಲು ಸಾತಾರೆಯಿಂದ ಹುಡುಗರೆಲ್ಲ ಹೊಸ ಬಟ್ಟೆ ತೊಟ್ಟು ರೈಲಿನಲ್ಲಿ ಹೊರಟರು. ಮಸೂರ ಸ್ಟೇಷನ್ನಿನಲ್ಲಿ ಇಳಿದರು. ಹುಡುಗರು ಮಹಾರರು ಎಂದು ಗೊತ್ತಾದದ್ದೇ ತಡ, ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೊಬ್ಬ ಒಪ್ಪಿದ. ಬಾಡಿಗೆ ಎರಡರಷ್ಟು. ಗಾಡಿ ಹುಡುಗರೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ! ಬುತ್ತಿಯಲ್ಲಿ ಊಟ ಇತ್ತು. ದಾರಿಯುದ್ದಕ್ಕೂ ಕುಡಿಯಲು ನೀರು ಸಿಗಲಿಲ್ಲ. ಬಾಯಾರಿಕೆಯಲ್ಲೇ ರಾತ್ರಿ ಕಳೆದರು.

ಈ ಕತೆಯನ್ನು ನಾವು ಕಣ್ಣೀರಿಗಾಗಿ ಓದುತ್ತೇವೆ. ಲೆಕ್ಕಕ್ಕಾಗಿಯೂ ಓದಬೇಕು. ಹುಡುಗರ ಹತ್ತಿರ ದುಡ್ಡಿತ್ತು, ಗಾಡಿ ಸಿಗಲಿಲ್ಲ. ಗಾಡಿ ಸಿಕ್ಕಿತು, ನೀರು ಸಿಗಲಿಲ್ಲ. ಸರ್ಕಾರಿ ಕಾಗದಗಳಲ್ಲಿ ‘ಪ್ರಯಾಣಿಕರ ಸೌಕರ್ಯ’ ಎಂಬ ಒಂದು ಮಾತು ಬರುತ್ತದಲ್ಲ, ಓದಿದವರು ಅದನ್ನು ಫ್ಯಾನು, ಮೆತ್ತನೆ ಸೀಟು ಎಂದು ತಿಳಿಯುತ್ತಾರೆ. ನಮ್ಮವರಿಗೆ ಅದು ಬೇರೆಯೇ. ಕುಡಿಯಲು ನೀರು, ನಿಲ್ಲಲು ಜಾಗ, ಹತ್ತಲು ಬಿಡುವ ಬಾಗಿಲು. ಇದು ಸೌಕರ್ಯವೂ ಅಲ್ಲ, ಮನುಷ್ಯನೆಂದು ಒಪ್ಪಿಕೊಂಡದ್ದಕ್ಕೆ ರಸೀದಿ.

2

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ ತನ್ನದೇ ರಸ್ತೆ ಸಾರಿಗೆ ಇಲಾಖೆ ಆರಂಭಿಸಿತು. 120 ಬಸ್ಸು. 1961ರಲ್ಲಿ ಇಲಾಖೆ ಹೋಗಿ ನಿಗಮ ಬಂತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದಾಗ ನಿಗಮದ ಹೆಸರೂ ಬದಲಾಯಿತು. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ವಾಯವ್ಯ ಸಾರಿಗೆ ಸಂಸ್ಥೆ ಬೇರೆಯಾಯಿತು. ಹೊಳೆಯ ಈಚೆಯ ನಾವು ಕೆ.ಎಸ್.ಆರ್.ಟಿ.ಸಿ.ಯಲ್ಲೇ ಉಳಿದೆವು. ದಾವಣಗೆರೆಯ ಸುತ್ತಿನಲ್ಲಿ ಖಾಸಗಿ ಬಸ್ಸಿನವರ ಜೋರೂ ಮೊದಲಿಂದ ಇದೆ.

ಬಸ್ಸು ಬಂದದ್ದು ಸಣ್ಣ ಕ್ರಾಂತಿಯಲ್ಲ. ಎತ್ತಿನ ಗಾಡಿಗೆ ಒಡೆಯನಿದ್ದ, ಒಡೆಯನಿಗೆ ಜಾತಿಯಿತ್ತು. ಸರ್ಕಾರಿ ಬಸ್ಸಿಗೆ ಟಿಕೆಟ್ಟಿತ್ತು. ಟಿಕೆಟ್ಟಿನ ಮೇಲೆ ಎಲ್ಲಿಂದ, ಎಲ್ಲಿಗೆ, ಎಷ್ಟು ಎಂದಿರುತ್ತದೆ. ಜಾತಿಯ ಕಾಲಂ ಇರುವುದಿಲ್ಲ. ನಮ್ಮ ಅಜ್ಜನ ಕೈಗೆ ಬಂದ ಕಾಗದಗಳಲ್ಲಿ ಜಾತಿ ಕೇಳದ ಮೊದಲ ಕಾಗದ ಅದೇ ಇರಬೇಕು.

ಆದರೆ ಅಜ್ಜ ಸೀಟಿನ ಮೇಲೆ ಕೂರುತ್ತಿರಲಿಲ್ಲ. ಅವ್ವ ಹೇಳುವ ಮಾತು. ಬಸ್ಸು ಖಾಲಿಯಿದ್ದರೂ ಹಿಂದಿನ ಬಾಗಿಲ ಹತ್ತಿರ ನೆಲಕ್ಕೆ ಕುಕ್ಕುರುಗಾಲಲ್ಲಿ ಕೂರುವನು. ಒಮ್ಮೆ ಕಂಡಕ್ಟರೇ, ‘ಯಜಮಾನ, ಸೀಟು ಖಾಲಿ ಐತಲ್ಲ, ಮ್ಯಾಲೆ ಕೂತ್ಕ’ ಎಂದನಂತೆ. ಅಜ್ಜ, ‘ಇರ‍್ಲಿ ಬುದ್ದಿ, ಮುಂದಿನ ಸ್ಟಾಪಿಗೆ ಗೌಡ್ರು ಹತ್ತುತಾರೆ’ ಎಂದನಂತೆ. ಟಿಕೆಟ್ಟಿಗೆ ಜಾತಿ ಗೊತ್ತಿರಲಿಲ್ಲ. ಅಜ್ಜನ ಮೊಣಕಾಲಿಗೆ ಗೊತ್ತಿತ್ತು.

ಕಾನೂನು ಇರಲಿಲ್ಲವೆ? ಇತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯ 4ನೇ ಕಲಮು ಸಾರ್ವಜನಿಕ ವಾಹನ ಬಳಸದಂತೆ ತಡೆಯುವುದನ್ನು ಶಿಕ್ಷಾರ್ಹ ಅಪರಾಧ ಎಂದಿತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಕರೆದರು. ಕಾನೂನು ಬಸ್ಸಿನ ಬಾಗಿಲವರೆಗೆ ಬಂತು. ಬಾಗಿಲ ಈಚೆಗಿನ ನೆಲಕ್ಕೆ ಬರಲಿಲ್ಲ.

ಆ ನೆಲವನ್ನು ನೋಡಿ. ಬಸ್ಸು ಊರ ಮುಂದೆ ನಿಲ್ಲುತ್ತದೆ, ಕೇರಿ ಊರ ಹಿಂದೆ ಇರುತ್ತದೆ. ನಮ್ಮೂರಲ್ಲಿ ತಂಗುದಾಣ ಕಟ್ಟಿದ್ದು ಗುಡಿಯ ಪಕ್ಕದಲ್ಲಿ. ಅದರ ಕಟ್ಟೆಯ ಮೇಲೆ ಕೂರುವವರು ಯಾರು ಎಂದು ಬೋರ್ಡು ಹಾಕಿಲ್ಲ, ಹಾಕುವ ಅಗತ್ಯವೂ ಇಲ್ಲ. ನಮ್ಮವರು ನಿಲ್ಲುವುದು ಐವತ್ತು ಮಾರು ಆಚೆ, ಬೇವಿನ ಮರದ ಕೆಳಗೆ. ಬಸ್ಸು ತಂಗುದಾಣದ ಮುಂದೆ ಬಂದು ನಿಲ್ಲುತ್ತದೆ. ನಮ್ಮ ಹೆಂಗಸರು ಬುಟ್ಟಿ ಎತ್ತಿಕೊಂಡು ಓಡುತ್ತಾರೆ. ಓಡಿ ತಲುಪುವಷ್ಟರಲ್ಲಿ ಸೀಟು ತುಂಬಿರುತ್ತವೆ. ಯಾರೂ ಯಾರನ್ನೂ ಏಳಿಸಿಲ್ಲ, ಬೈದಿಲ್ಲ. ಕಾನೂನು ಮುರಿದಿಲ್ಲ. ಐವತ್ತು ಮಾರು ದೂರವೇ ಜಾತಿಯ ಕೆಲಸ ಮಾಡಿ ಮುಗಿಸಿರುತ್ತದೆ.

ಬಸ್ಸು ಬಂದು ಜಾತಿ ಹೋಯಿತು ಎಂದು ಬರೆಯುವ ವಿದ್ವಾಂಸರು ಬಸ್ಸನ್ನು ನೋಡಿದ್ದಾರೆ. ಬಸ್ ಸ್ಟಾಪನ್ನು ನೋಡಿಲ್ಲ.

3

ಇದು ನಮ್ಮ ಊರಿನ ರೋಗ ಮಾತ್ರವಲ್ಲ. ಅಮೆರಿಕದ ಅಲಬಾಮಾ ಪ್ರಾಂತ್ಯದ ಮಾಂಟ್‌ಗೊಮೆರಿ ಊರಲ್ಲಿ ಬಸ್ಸಿನ ಮುಂದಿನ ಸೀಟು ಬಿಳಿಯರಿಗೆ, ಹಿಂದಿನವು ಕರಿಯರಿಗೆ. 1955ರ ಮಾರ್ಚಿನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಹುಡುಗಿ ಏಳುವುದಿಲ್ಲ ಎಂದಳು, ಪೊಲೀಸರು ಎಳೆದೊಯ್ದರು. ಅದೇ ವರ್ಷ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಏಳಲಿಲ್ಲ. ಆಮೇಲೆ ಊರಿನ ಕರಿಯ ಜನ 381 ದಿನ ಬಸ್ಸು ಹತ್ತಲಿಲ್ಲ. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. 1956ರ ಡಿಸೆಂಬರಿನಲ್ಲಿ ಗೆದ್ದು ಹತ್ತಿದರು.

ನಮ್ಮ ನೆರೆಯ ತಮಿಳುನಾಡಿನಲ್ಲಿ ತಿರುಗುಮುರುಗು. 1997ರಲ್ಲಿ ಅಲ್ಲಿಯ ಸರ್ಕಾರ ಒಂದು ಸಾರಿಗೆ ನಿಗಮಕ್ಕೆ ದಲಿತ ವೀರ ಸುಂದರಲಿಂಗಂ ಹೆಸರಿಟ್ಟಿತು. ಅದುವರೆಗೆ ಎಷ್ಟೋ ನಾಯಕರ ಹೆಸರಿನ ನಿಗಮಗಳಿದ್ದವು, ಯಾರಿಗೂ ತೊಂದರೆಯಾಗಿರಲಿಲ್ಲ. ಈ ಹೆಸರು ಬಂದದ್ದೇ ಮೇಲ್ಜಾತಿಯವರು ಆ ಬಸ್ಸು ಹತ್ತುವುದಿಲ್ಲ ಎಂದರು. ಗಲಭೆಯಾಯಿತು, ಹೆಣ ಬಿದ್ದವು. ಸರ್ಕಾರ ಕೊನೆಗೆ ಎಲ್ಲ ನಿಗಮಗಳಿಂದಲೂ ಎಲ್ಲ ನಾಯಕರ ಹೆಸರನ್ನೂ ತೆಗೆದುಹಾಕಿತು. ಒಬ್ಬ ದಲಿತನ ಹೆಸರಿರುವ ಬಸ್ಸಿಗಿಂತ ಹೆಸರಿಲ್ಲದ ಬಸ್ಸೇ ವಾಸಿ ಎನಿಸಿತು ನಮ್ಮ ಸಮಾಜಕ್ಕೆ!

ಅಂದರೆ ಬಸ್ಸು ಬರೀ ತಗಡು, ಗಾಲಿ, ಡೀಸೆಲ್ ಅಲ್ಲ. ಮನುಷ್ಯರು ಮೈಗೆ ಮೈ ತಾಗಿಸಿ ನಿಲ್ಲಬೇಕಾದ ಜಾಗ ಅದು. ಆದ್ದರಿಂದಲೇ ಅದರ ಮೇಲೆ ಇಷ್ಟು ಜಗಳ.

4

ಈಗ ತ್ವರಿತ ಬಸ್ಸಿನ ವಿಷಯ. ರಸ್ತೆಯ ನಡುವೆ ಬಸ್ಸಿಗೆಂದೇ ಬೇರೆ ದಾರಿ ಕೊಡುವುದು, ನಿಲ್ದಾಣದಲ್ಲೇ ಟಿಕೆಟ್ಟು ಕೊಟ್ಟು ಬೇಗ ಹತ್ತಿಸುವುದು, ರೈಲಿನ ಅನುಕೂಲವನ್ನು ಕಡಿಮೆ ಖರ್ಚಿನಲ್ಲಿ ಬಸ್ಸಿಗೆ ತರುವುದು ಇದರ ತತ್ವ. ಬ್ರೆಜಿಲ್ ದೇಶದ ಕುರಿಚಿಬಾ ಊರು 1974ರಲ್ಲಿ ಬಸ್ಸಿಗೆ ಬೇರೆ ದಾರಿ ಕೊಟ್ಟಿತು. 1991ರಲ್ಲಿ ಅಲ್ಲಿ ಕೊಳವೆಯಾಕಾರದ ಗಾಜಿನ ನಿಲ್ದಾಣಗಳು ಬಂದವು. ಕೊಲಂಬಿಯಾದ ಬೊಗೋಟಾ 2000ದಲ್ಲಿ ಅದನ್ನು ದೊಡ್ಡದಾಗಿ ಮಾಡಿತು. 2009ರಲ್ಲಿ ಅಹಮದಾಬಾದಿಗೆ ಬಂತು.

ಅದಕ್ಕೂ ಮುಂಚೆ, 2008ರಲ್ಲಿ, ದಿಲ್ಲಿಯಲ್ಲೊಂದು ದಾರಿ ಶುರುವಾಗಿತ್ತು. ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರು. ಅದು ಹೊರಡುತ್ತಿದ್ದ ಜಾಗದ ಹೆಸರು ನೋಡಿ: ಅಂಬೇಡ್ಕರ್ ನಗರ. ಕಾರಿನವರಿಗೆ ಜಾಗ ಕಡಿಮೆಯಾಯಿತು ಎಂದು ದೊಡ್ಡ ಗದ್ದಲವಾಯಿತು. ಹೈಕೋರ್ಟಿಗೆ ಹೋದರು. 2012ರಲ್ಲಿ ಕೋರ್ಟು ಆ ಅರ್ಜಿ ವಜಾ ಮಾಡಿತು. ಆದರೂ 2016ರಲ್ಲಿ ಆ ದಾರಿಯನ್ನೇ ಒಡೆದುಹಾಕಿದರು. ಬಸ್ಸಿನವರು ಕೋರ್ಟಿನಲ್ಲಿ ಗೆದ್ದು ರಸ್ತೆಯಲ್ಲಿ ಸೋತರು.

ನಮ್ಮ ರಾಜ್ಯದಲ್ಲಿ ಈ ಬಸ್ಸು ಓಡಿದ್ದು ಹುಬ್ಬಳ್ಳಿ-ಧಾರವಾಡದ ನಡುವೆ. 1962ರಿಂದ ಒಂದೇ ಮಹಾನಗರಪಾಲಿಕೆಯಾದ ಜೋಡಿ ಊರುಗಳು ಇವು. ವಿಶ್ವಬ್ಯಾಂಕಿನ ನೆರವಿತ್ತು. 2012ರಲ್ಲಿ ಇದಕ್ಕಾಗಿಯೇ ಕಂಪನಿಯೊಂದನ್ನು ಸ್ಥಾಪಿಸಿದರು. ಸುಮಾರು 22 ಕಿಲೋಮೀಟರಿನ ದಾರಿ. ಹೊಸೂರು, ವಿದ್ಯಾನಗರ, ಉಣಕಲ್ಲು, ನವನಗರ, ರಾಯಾಪುರ, ಸತ್ತೂರು, ನವಲೂರು ಹಾದು ಧಾರವಾಡದ ಟೋಲ್ ನಾಕಾ, ಜುಬಿಲಿ ಸರ್ಕಲ್. ಪ್ರಾಯೋಗಿಕ ಓಡಾಟ 2018ರ ಅಕ್ಟೋಬರ್ 2ರಂದು, ವಿಧಿವತ್ತಾದ ಉದ್ಘಾಟನೆ 2020ರ ಫೆಬ್ರವರಿ 2ರಂದು, ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ. ನಡೆಸುವವರು ವಾಯವ್ಯ ಸಾರಿಗೆಯವರು. ಬಸ್ಸಿಗೆ ಇಟ್ಟ ಹೆಸರು ಚಿಗರಿ. ಆ ಕಡೆಯ ಮಾತಲ್ಲಿ ಚಿಗರಿ ಎಂದರೆ ಜಿಂಕೆ. ಚೆಂದದ ಹೆಸರು.

ಪತ್ರಿಕೆಗಳು ಬರೆದದ್ದೆಲ್ಲ ವೇಗದ ಮೇಲೆ. ಎಷ್ಟು ನಿಮಿಷ ಉಳಿಯಿತು, ಎಸಿ ಎಷ್ಟು ತಂಪು. ನನಗೆ ಅದರ ನಿಲ್ದಾಣ ಮುಖ್ಯವಾಗಿ ಕಂಡಿತು. ಅದಕ್ಕೆ ಕಾರಣ ನಮ್ಮವ್ವ.

5

ಧಾರವಾಡದಲ್ಲಿ ಎಂ.ಎ. ಓದುವಾಗ ಅವ್ವನನ್ನು ಅಲ್ಲಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದೆ. ಮೊಣಕಾಲು ನೋವು. ಭದ್ರಾ ನಾಲೆಯ ಕೆಸರುಗದ್ದೆಯಲ್ಲಿ ಮೂವತ್ತು ವರ್ಷ ಬಗ್ಗಿ ಭತ್ತದ ಸಸಿ ನೆಟ್ಟ ಕಾಲು ಅದು. ಕೆಂಪು ಬಸ್ಸಿನ ಮೊದಲ ಮೆಟ್ಟಿಲು ಅವಳಿಗೆ ಬೆಟ್ಟ. ಹಿಂದಿನಿಂದ ಯಾರಾದರೂ ನೂಕಬೇಕು, ಇಲ್ಲ ಮೇಲಿನಿಂದ ಯಾರಾದರೂ ಎಳೆಯಬೇಕು. ನೂಕುವಾಗ ಬೈಗುಳವೂ ಸೇರಿರುತ್ತದೆ.

ಹುಬ್ಬಳ್ಳಿಯಲ್ಲಿ ಇಳಿದು ಚಿಗರಿಯ ನಿಲ್ದಾಣಕ್ಕೆ ಹೋದೆವು. ಗಾಜು, ದೀಪ, ತೊಳೆದ ನೆಲ, ಮುಂದಿನ ಬಸ್ಸು ಯಾವುದು ಎಂದು ತೋರಿಸುವ ಬೋರ್ಡು. ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಚಪ್ಪಲಿ ಬಿಡಲು ಬಗ್ಗಿದಳು. ನನ್ನ ಮುಖ ನೋಡಿ ಕೇಳಿದಳು:

‘ಲೇ ತಮ್ಮಾ, ನಮ್ಮನ್ನ ಒಳಗ ಬಿಡ್ತಾರೇನು?’

‘ಟಿಕೀಟು ತಗಂಡೀವಿ ಕಣವ್ವಾ, ಯಾಕ ಬಿಡಲ್ಲ?’

ಹೇಳಿದೆ. ಗಂಟಲು ಕಟ್ಟಿತು. ಎಂ.ಎ. ಓದುವ ಮಗ ಪಕ್ಕದಲ್ಲಿದ್ದ. ಸಂವಿಧಾನ ಬಂದು ಎಪ್ಪತ್ತು ವರ್ಷ ದಾಟಿತ್ತು. ಅವಳು ಆ ಪ್ರಶ್ನೆ ಕೇಳಿದ್ದು ಗಾಜಿನ ಬಾಗಿಲಿಗಲ್ಲ, ಬೇವಿನ ಮರದ ಕೆಳಗೆ ತಾನು ನಿಂತ ಅಷ್ಟೂ ವರ್ಷಗಳಿಗೆ.

ಟಿಕೆಟ್ಟನ್ನು ಗೇಟಿಗೆ ತೋರಿಸಿದೆವು, ಗೇಟು ತೆರೆಯಿತು. ಯಂತ್ರ ಯಾರ ಮಗಳು, ಯಾವ ಕೇರಿ ಎಂದು ಕೇಳಲಿಲ್ಲ. ಒಳಗೆ ಕೂತೆವು. ಬಸ್ಸು ಬಂತು. ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಮಟ್ಟ. ಅವ್ವ ಅಭ್ಯಾಸಬಲದಿಂದ ಸೀರೆ ಎತ್ತಿ ಹಿಡಿದು ಕಾಲು ಮೇಲೆತ್ತಲು ಹೋದಳು. ಮೆಟ್ಟಿಲೇ ಇಲ್ಲ. ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ ಹಾಗೆ ನಡೆದು ಒಳಗೆ ಹೋದಳು. ಸೀಟಿನಲ್ಲಿ ಕೂತು, ‘ಇಲ್ಲಿ ಯಾರೂ ನೂಕೋದೇ ಬ್ಯಾಡ ನೋಡು’ ಎಂದಳು.

ಗೆಳೆಯರೆ, ಆ ಮಟ್ಟಸ ನೆಲಕ್ಕೆ ಇಂಜಿನಿಯರುಗಳು ಏನು ಹೆಸರಿಟ್ಟಿದ್ದಾರೋ ಬಿಡಿ. ನಾನು ಅದನ್ನು ಸಮಾನತೆ ಎಂದು ಕರೆಯುತ್ತೇನೆ. ಸಮಾನತೆ ಎಂಬುದನ್ನು ಭಾಷಣದಲ್ಲಿ ಸಾವಿರ ಸಲ ಕೇಳಿದ್ದೆ. ಕಾಲ ಕೆಳಗೆ ಸಿಮೆಂಟಿನಲ್ಲಿ ಕಂಡದ್ದು ಅದೇ ಮೊದಲು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 41ನೇ ಕಲಮು ಬಸ್ ಸ್ಟಾಪುಗಳು ಅಂಗವಿಕಲರಿಗೂ ಅನುಕೂಲವಾಗಿರಬೇಕು ಎನ್ನುತ್ತದೆ. ಗಾಲಿ ಕುರ್ಚಿಯವರಿಗೆಂದು ಮಾಡಿದ ಇಳಿಜಾರು ಕೂಲಿ ಹೆಂಗಸಿನ ಮೊಣಕಾಲಿಗೂ ಆಯಿತು. ಕಡೆಯವನಿಗೆ ಮಾಡಿದ್ದು ಎಲ್ಲರಿಗೂ ಆಗುತ್ತದೆ. ಮೊದಲನೆಯವನಿಗೆ ಮಾಡಿದ್ದು ಅವನಿಗಷ್ಟೇ ಆಗುತ್ತದೆ.

6

ಹಾಗೆಂದು ನಾನು ಚಿಗರಿಗೆ ಆರತಿ ಎತ್ತಲು ಬಂದಿಲ್ಲ. ಹೊಗಳುಭಟರು ಬೇಕಾದಷ್ಟಿದ್ದಾರೆ.

ರಸ್ತೆ ಅಗಲ ಮಾಡುವಾಗ ಮರ ಕಡಿದರು. ಕಾರಿನವನಿಗೆ ಮರ ಚೆಂದ ಮಾತ್ರ, ನಡೆಯುವವನಿಗೆ ಅದೇ ತಂಗುದಾಣ. ನಿಲ್ದಾಣಗಳಿರುವುದು ರಸ್ತೆಯ ನಟ್ಟನಡುವೆ. ಅಲ್ಲಿಗೆ ಮುಟ್ಟಬೇಕಾದರೆ ಕಾರು, ಲಾರಿ, ಬೈಕುಗಳ ಹೊಳೆ ದಾಟಬೇಕು. ಒಳಗೆ ಮಟ್ಟಸ ನೆಲ, ಹೊರಗೆ ಜೀವ ಕೈಯಲ್ಲಿ ಹಿಡಿದು ಓಟ. ಮಳೆ ಬಂದರೆ ಟೋಲ್ ನಾಕಾದ ಹತ್ತಿರ ರಸ್ತೆ ಕೆರೆಯಾಗುವುದನ್ನು ಧಾರವಾಡದವರು ನೋಡಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆ. ಬೆಳಿಗ್ಗೆ ಹಳ್ಳಿಯಿಂದ ಗಾರೆ ಕೆಲಸಕ್ಕೆ, ಮನೆಗೆಲಸಕ್ಕೆ, ತರಕಾರಿ ಮಾರಲು ಬರುವವರ ಪ್ರಯಾಣ ಈ 22 ಕಿಲೋಮೀಟರಿನಲ್ಲಿ ಶುರುವಾಗುವುದಿಲ್ಲ. ಅದು ಶುರುವಾಗುವುದು ಹಳ್ಳಿಯ ಸ್ಟಾಪಿನಲ್ಲಿ. ಹೆದ್ದಾರಿಯ ಮೇಲೆ ಗಾಜಿನ ನಿಲ್ದಾಣ, ಅಡ್ಡರಸ್ತೆಯಲ್ಲಿ ಮುರಿದ ತಗಡು, ಕೇರಿಯ ಮುಂದೆ ಬೇವಿನ ಮರ. ಈ ಮೂರೂ ಒಂದೇ ಪ್ರಯಾಣ. ನಮ್ಮ ಪ್ರಭುತ್ವ ಮೊದಲನೆಯದರ ಫೋಟೋ ಮಾತ್ರ ತೆಗೆಯುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ಕೂಲಿ ಹೆಂಗಸರು ಮೊದಲ ಬಾರಿಗೆ ದುಡ್ಡಿನ ಲೆಕ್ಕ ಹಾಕದೆ ಬಸ್ಸು ಹತ್ತಿದರು. ಆಗ ಉಳ್ಳವರ ಬಾಯಲ್ಲಿ ಎಂಥೆಂಥ ಮಾತು ಬಂದವು! ಬಸ್ಸು ಹೊಲಸಾಯಿತಂತೆ, ಹೆಂಗಸರು ಮನೆ ಬಿಟ್ಟು ತಿರುಗುತ್ತಾರಂತೆ. ಸರಿ, ಟಿಕೆಟ್ಟಿನ ಗೋಡೆ ಬಿತ್ತು. ಆದರೆ ಸ್ಟಾಪಿನಲ್ಲಿ ನೆರಳೆಲ್ಲಿ, ನೀರೆಲ್ಲಿ, ಹೆಂಗಸರಿಗೆ ಪಾಯಿಖಾನೆ ಎಲ್ಲಿ? ಬೆಳಿಗ್ಗೆಯಿಂದ ನೀರು ಕುಡಿಯದೆ ಬಸ್ಸು ಹತ್ತುವ ಹೆಂಗಸರನ್ನು ಕೇಳಿ ನೋಡಿ. ಯಾಕೆ ಕುಡಿಯುವುದಿಲ್ಲ ಎಂದು ಅವರೇ ಹೇಳುತ್ತಾರೆ. 1901ರ ಹುಡುಗರಿಗೆ ನೀರು ಸಿಗಲಿಲ್ಲ. ಇಂದಿನ ನಮ್ಮ ಅಕ್ಕತಂಗಿಯರು ಸಿಕ್ಕ ನೀರನ್ನೂ ಕುಡಿಯುವ ಹಾಗಿಲ್ಲ.

ಇನ್ನೊಂದು ಅಪಾಯ ಇದೆ. ಚಿಗರಿಯ ದಾರಿಯನ್ನು ಎಲ್ಲ ವಾಹನಗಳಿಗೂ ಬಿಡಿ, ಟ್ರಾಫಿಕ್ ಜಾಸ್ತಿಯಾಗಿದೆ ಎಂಬ ಕೂಗು ಧಾರವಾಡದಲ್ಲೂ ಎದ್ದಿದೆ. ಇದು ದಿಲ್ಲಿಯ ಹಾಡೇ. ಒಂದು ಬಸ್ಸಿನಲ್ಲಿ ಐವತ್ತು ಅರವತ್ತು ಜನ ಹೋಗುತ್ತಾರೆ, ಒಂದು ಕಾರಿನಲ್ಲಿ ಒಬ್ಬನೋ ಇಬ್ಬರೋ. ಹಾಗಿದ್ದರೆ ರಸ್ತೆ ಯಾರದು? ಯೋಜನೆಯ ತಪ್ಪುಗಳನ್ನು ತಿದ್ದಿ ಎಂದು ಕೇಳುವುದು ಬೇರೆ, ಬಸ್ಸಿನವರ ಜಾಗ ಕಾರಿನವರಿಗೆ ಕೊಡಿ ಎಂದು ಕೇಳುವುದು ಬೇರೆ. ಈ ವ್ಯತ್ಯಾಸ ನಮ್ಮ ಚಳವಳಿಯ ಗೆಳೆಯರಿಗೆ ಸ್ಪಷ್ಟವಿರಬೇಕು.

7

ಈಗ ನಮ್ಮ ಊರಿಗೆ ಬರುತ್ತೇನೆ. ದಾವಣಗೆರೆ, ಹರಿಹರ ಕೂಡ ಜೋಡಿ ಊರುಗಳೇ. ನಡುವೆ ಹದಿನಾಲ್ಕು ಕಿಲೋಮೀಟರು. ದಾವಣಗೆರೆಯ ಹತ್ತಿ ಗಿರಣಿಗಳು, 1941ರಲ್ಲಿ ಹರಿಹರದಲ್ಲಿ ಶುರುವಾದ ಕಿರ್ಲೋಸ್ಕರ್ ಕಾರ್ಖಾನೆ, ಹೊಳೆಯಾಚೆಯ ಕುಮಾರಪಟ್ಟಣದ ಪಾಲಿಫೈಬರ್ಸ್ ಇವುಗಳ ಪಾಳಿಗೆ ಒಂದು ಕಾಲದಲ್ಲಿ ಸಾವಿರಾರು ಕಾರ್ಮಿಕರು ಈ ದಾರಿಯಲ್ಲಿ ಓಡಾಡಿದರು. ಕಿರ್ಲೋಸ್ಕರ್ ಮುಚ್ಚಿತು, ಗಿರಣಿಗಳ ಸದ್ದು ಅಡಗಿತು. ಓಡಾಟ ನಿಲ್ಲಲಿಲ್ಲ. ಈಗ ಕಾಲೇಜಿನ ಮಕ್ಕಳು, ಆಸ್ಪತ್ರೆಯವರು, ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರೂ ಬಂತು. ಊರು ಸ್ಮಾರ್ಟ್ ಆದದ್ದನ್ನು ಊರ ನಡುವಿನ ಬಸ್‌ಸ್ಟ್ಯಾಂಡಿನಿಂದ ಅಳೆಯಬೇಡಿ. ಊರಿನಿಂದ ಹತ್ತು ಮೈಲಿ ಆಚೆ ಬೇವಿನ ಮರದ ಕೆಳಗೆ ನಿಂತವಳಿಂದ ಅಳೆಯಿರಿ.

ನಮಗೂ ಚಿಗರಿ ಬೇಕೆಂದು ನಾನು ಕೇಳುತ್ತಿಲ್ಲ. ಅಷ್ಟು ದೊಡ್ಡ ಯೋಜನೆ ಎಲ್ಲ ಊರಿಗೂ ಬೇಕಿಲ್ಲ. ಚಿಗರಿಯ ನಿಲ್ದಾಣ ತೋರಿಸಿದ ಒಂದು ಮಾತನ್ನು ಹಿಡಿದುಕೊಳ್ಳೋಣ: ಕಾಯುವವನಿಗೆ ಮರ್ಯಾದೆ ಕೊಡುವುದು ಸಾಧ್ಯವಿದೆ, ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ. ಒಂದು ಕಡೆ ಆದದ್ದು ಇನ್ನೊಂದು ಕಡೆ ಯಾಕಾಗುವುದಿಲ್ಲ?

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಮಕ್ಕಳ ಕೈಗೆ ಒಂದು ಹಗ್ಗ ಕೊಟ್ಟು ಅಳೆಸಿ. ಕೇರಿಯಿಂದ ಬಸ್ ಸ್ಟಾಪಿಗೆ ಎಷ್ಟು ಮಾರು, ಮೇಲಿನ ಬೀದಿಯಿಂದ ಎಷ್ಟು ಮಾರು? ತಂಗುದಾಣದ ಕಟ್ಟೆಯ ಮೇಲೆ ಒಂದು ವಾರ ಯಾರ‍್ಯಾರು ಕೂತರು, ಯಾರ‍್ಯಾರು ಹೊರಗೆ ನಿಂತರು? ನೀರಿದೆಯೆ? ಪಾಯಿಖಾನೆ ಇದೆಯೆ? ಬರೆದಿಡಿ. ಅದೂ ಚರಿತ್ರೆಯೇ. ಗೆಜೆಟಿಯರು 14 ಕಮಾನುಗಳನ್ನು ಎಣಿಸಿತು, ನಾವು ಈ ಮಾರುಗಳನ್ನು ಎಣಿಸೋಣ. ಎಣಿಸಿದ್ದನ್ನು ಹಿಡಿದು ಗ್ರಾಮ ಪಂಚಾಯತಿಗೆ, ಡಿಪೋ ಮ್ಯಾನೇಜರಿಗೆ, ತಹಶೀಲ್ದಾರರಿಗೆ ಕೊಡೋಣ. ಕೇರಿಯ ಮುಂದೆಯೂ ಬಸ್ಸು ನಿಲ್ಲಲಿ, ಕೇರಿಯ ಮುಂದೆಯೂ ತಂಗುದಾಣ ಏಳಲಿ.

ಅವ್ವನನ್ನು ಕರೆದುಕೊಂಡು ಅವತ್ತು ಸಂಜೆಯೇ ಊರಿಗೆ ಮರಳಿದೆ. ಹರಿಹರದಿಂದ ನಮ್ಮೂರ ಬಸ್ಸು. ಮೊದಲ ಮೆಟ್ಟಿಲಿನ ಮುಂದೆ ಅವ್ವ ಮತ್ತೆ ನಿಂತಳು. ನಾನು ಹಿಂದಿನಿಂದ ಕೈ ಕೊಟ್ಟೆ. ಹತ್ತಿದಳು. ಒಂದು ಸೀಟು ಖಾಲಿಯಿತ್ತು, ಮುಂದಿನ ಸಾಲಿನಲ್ಲಿ, ಊರಿನ ಹಿರಿಯರೊಬ್ಬರ ಪಕ್ಕ. ಅವ್ವ ಒಂದು ಗಳಿಗೆ ನೋಡಿದಳು. ಆಮೇಲೆ ಹೋಗಿ ಕೂತಳು. ಅವರು ಕಿಟಕಿಯ ಕಡೆಗೆ ಸರಿದರು. ಮೈ ತಾಗಬಾರದೆಂದು ಸರಿದರೋ ಜಾಗ ಬಿಡಲೆಂದು ಸರಿದರೋ ನನಗೆ ತಿಳಿಯಲಿಲ್ಲ.

ಅವ್ವ ಏಳಲಿಲ್ಲ.